ಪಟ್ಟಿಯಲ್ಲಿಲ್ಲದ ಮೇಸ್ತ್ರಿ

ನಾನು ಶಾಲೆ ಬಿಟ್ಟದ್ದು 1986ರಲ್ಲಿ. ಹೆಚ್ಚು ಓದಿದವರನ್ನು ಓದು ಮುಗಿಸಿದ ವರ್ಷ ಕೇಳಿ ನೋಡಿ, ಸ್ವಲ್ಪ ಹೊತ್ತು ಸೂರು ನೋಡಿ ಲೆಕ್ಕ ಹಾಕುತ್ತಾರೆ. ನಮ್ಮಂಥವರಿಗೆ ವರ್ಷ ಮಾತ್ರವಲ್ಲ, ವಾರ ಮತ್ತು ಪೀರಿಯಡ್ಡು ಕೂಡ ನೆನಪಿರುತ್ತದೆ. ಏಳನೆಯ ತರಗತಿ, ಸೋಮವಾರ, ಗಣಿತ. ಆರು ಜನ ಒಂದು ಗೋಡೆಯನ್ನು ಎಂಟು ದಿನದಲ್ಲಿ ಕಟ್ಟಿದರೆ ನಾಲ್ಕು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ ಎಂದು ಮಾಸ್ಟ್ರು ಕೇಳಿದರು. ನಾನು ಎದ್ದು ನಿಂತು, ಗೋಡೆ ಕೆಂಪು ಕಲ್ಲಿನದೋ ಇಟ್ಟಿಗೆಯದೋ, ಮತ್ತು ಆ ನಾಲ್ವರಲ್ಲಿ ಕುಡಿಯುವವರು ಎಷ್ಟು ಮಂದಿ ಎಂದು ವಿಚಾರಿಸಿದೆ. ನನ್ನ ಸೋದರಮಾವ ಕಲ್ಲು ಕಟ್ಟುವವರು. ಈ ಎರಡು ಸಂಗತಿ ಗೊತ್ತಾಗದೆ ಯಾವ ಗೋಡೆಯ ಲೆಕ್ಕವೂ ಮುಂದೆ ಹೋಗುವುದಿಲ್ಲವೆಂದು ಮನೆಯಲ್ಲಿ ದಿನಾ ಕೇಳಿ ಬೆಳೆದವನು ನಾನು. ಮಾಸ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮರುದಿನ ನಾನು ಮಾವನ ಜೊತೆ ಹೋಗಿ ಗಾರೆ ಕಲಸಿದೆ. ಬಡತನಕ್ಕೆ ಬಿಟ್ಟೆ ಎಂದು ಹೇಳಿದರೆ ಜನ ಅಯ್ಯೋ ಪಾಪ ಎನ್ನುತ್ತಾರೆ, ಹೇಳಿಕೊಳ್ಳಲು ಚಂದವೂ ಹೌದು. ಬಡತನ ಇದ್ದದ್ದು ನಿಜ, ಆದರೆ ಬಿಟ್ಟದ್ದು ಅದಕ್ಕಲ್ಲ. ಸರಿಯಾದ ಪ್ರಶ್ನೆ ಕೇಳಿದವನನ್ನು ಬೆಂಚು ಹತ್ತಿಸುವ ಜಾಗದಲ್ಲಿ ಇರಬಾರದೆಂದು ಬಿಟ್ಟೆ. ಇಷ್ಟು ಗೋಡೆ ಕಟ್ಟಿಸಿದ ಮೇಲೂ ಹೇಳುತ್ತೇನೆ, ಆ ಲೆಕ್ಕದ ಉತ್ತರ ಹನ್ನೆರಡು ದಿನವಲ್ಲ.

ಮೇಸ್ತ್ರಿ ಎಂಬುದು ಅರ್ಜಿ ಹಾಕಿ ಪಡೆಯುವ ಹುದ್ದೆಯಲ್ಲ. ನಮ್ಮ ಕಡೆ, ಕಾರ್ಕಳದ ಸುತ್ತ ಮುತ್ತ, ಗೋಡೆ ಎಬ್ಬಿಸುವಾಗ ಎರಡು ಮೂಲೆಗಳಿಗೆ ಒಂದು ನೂಲು ಕಟ್ಟುತ್ತಾರೆ. ಎಲ್ಲ ಕಲ್ಲುಗಳೂ ಆ ನೂಲಿನ ಮಾತು ಕೇಳಬೇಕು. ಆ ಮೊದಲ ನೂಲು ಕಟ್ಟುವ ಅಧಿಕಾರ ಮೇಸ್ತ್ರಿಗೆ ಮಾತ್ರ. ಮನೆ ಯಜಮಾನ ಮುಟ್ಟುವ ಹಾಗಿಲ್ಲ, ಅವನ ಇಂಜಿನಿಯರ್ ಮಗ ಮುಟ್ಟುವ ಹಾಗಿಲ್ಲ. ನಾನು ಹನ್ನೆರಡು ವರ್ಷ ಗಾರೆ ಕಲಸಿ, ಕಲ್ಲು ಹೊತ್ತು, ಕಲ್ಲು ಕೆತ್ತಿ, ಬೈಗುಳ ತಿಂದ ಮೇಲೆ ಒಂದು ಬೆಳಿಗ್ಗೆ ನಮ್ಮ ತಂಡದ ಬಾಬು ಮೇಸ್ತ್ರಿಗಳು ನೂಲಿನ ಉಂಡೆಯನ್ನು ನನ್ನ ಕಡೆ ಎಸೆದು, ತಾವು ಒಂದು ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಅಷ್ಟೇ. ಸಂಜೆಯಿಂದ ಉಳಿದವರು ನನ್ನನ್ನು ಮೇಸ್ತ್ರಿ ಎಂದು ಕರೆದರು. ಪ್ರಮಾಣಪತ್ರವಿಲ್ಲ, ಹಾರವಿಲ್ಲ. ಚಹಾ ಕೂಡ ನಾನೇ ಕುಡಿಸಬೇಕಾಯಿತು.

ಆ ಹೆಸರನ್ನು ಹೊತ್ತುಕೊಂಡೇ ನಾನು ಕತಾರಿಗೆ ಬಂದೆ. ಇಪ್ಪತ್ತೊಂದು ವರ್ಷವಾಯಿತು. ದುಖಾನಿನ ಕಡೆ ನೌಕರರ ಮನೆಗಳನ್ನು ಕಟ್ಟುವಾಗ ಮೇಸ್ತ್ರಿ, ದೋಹಾದಲ್ಲಿ ವಿಲ್ಲಾಗಳನ್ನು ಕಟ್ಟುವಾಗ ಮೇಸ್ತ್ರಿ. ನೇಪಾಳದವರು, ಬಂಗಾಳದವರು, ಕೇರಳದವರು, ಎಲ್ಲರಿಗೂ ಮೇಸ್ತ್ರಿ. ನನ್ನ ನಿಜವಾದ ಹೆಸರು ಗೊತ್ತಿರುವುದು ಪಾಸ್‌ಪೋರ್ಟಿಗೆ ಮತ್ತು ನನ್ನ ಅತ್ತೆಗೆ. ಹೀಗೆ ಸುಖವಾಗಿ ಇದ್ದವನ ಕಾಲಿಗೆ ತೊಡರಿದ್ದು ಒಂದು ಕಂಪ್ಯೂಟರು.

ಕಂಪನಿಯಲ್ಲಿ ಹೊಸ ವ್ಯವಸ್ಥೆ ಬಂತು. ಪ್ರತಿಯೊಬ್ಬನೂ ಒಂದು ಪಟ್ಟಿಯಿಂದ ತನ್ನ ಹುದ್ದೆಯನ್ನು ಆರಿಸಿ ಸಹಿ ಹಾಕಬೇಕು. ಅದೇ ಹೆಸರು ಸೈಟಿನ ಗೇಟ್ ಕಾರ್ಡಿನ ಮೇಲೆ ಅಚ್ಚಾಗುತ್ತದೆ. ಕಾರ್ಡಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ, ಗೇಟು ತೆರೆಯದವನ ಹೆಸರು ಊರಿಗೆ ಕಳಿಸುವವರ ಪಟ್ಟಿಗೆ ಹೋಗುತ್ತದೆ. ಗಡುವು ಗುರುವಾರ. ಸೋಮವಾರ ಎಚ್.ಆರ್. ವಿಭಾಗದ ರೀನಾ ನನ್ನನ್ನು ಕರೆಸಿದಳು. ಶಿರ್ವದ ಹುಡುಗಿ, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದಾಗ ತುಳು.

"ಪಟ್ಟಿಯಲ್ಲಿ ಮೇಸ್ತ್ರಿ ಅಂತ ಇಲ್ವೇ ಇಲ್ಲ ಮಾರಾಯ್ರೆ," ಎಂದಳು. "ಮೇಸನ್ ಉಂಟು, ಸೈಟ್ ಕೋಆರ್ಡಿನೇಟರ್ ಉಂಟು. ಯಾವುದು ಬೇಕು ಹೇಳಿ, ಒತ್ತಿಬಿಡ್ತೇನೆ."

"ನಾನು ಇರುವುದು ಅವೆರಡರ ನಡುವೆ. ಅಲ್ಲಿ ಒತ್ತಿ ಮೇಡಂ."

"ನಡುವೆ ಜಾಗ ಇಲ್ಲ."

ಮೇಸನ್ ಎಂದು ಹಾಕಿದರೆ ನಾನು ಇಪ್ಪತ್ತೇಳು ವರ್ಷ ಹಿಂದಕ್ಕೆ ಇಳಿದ ಹಾಗೆ. ಕರಣೆ ಹಿಡಿಯುವುದು ಅವಮಾನವಲ್ಲ, ಇವತ್ತಿಗೂ ಹಿಡಿಯುತ್ತೇನೆ. ಆದರೆ ಹತ್ತಿದ ಮೆಟ್ಟಿಲನ್ನು ಕಂಪ್ಯೂಟರಿನ ಅನುಕೂಲಕ್ಕಾಗಿ ಇಳಿಯುವವನು ನಾನಲ್ಲ. ಇನ್ನು ಕೋಆರ್ಡಿನೇಟರ್ ಆಗಲು ಹತ್ತನೆಯ ತರಗತಿ ಪಾಸಾಗಿರಬೇಕಂತೆ. ರೀನಾ ದನಿ ತಗ್ಗಿಸಿ, ಪಾಸ್ ಎಂದು ಬರೆದರೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ, ಮೋನಪ್ಪನೂ ಹಾಗೇ ಮಾಡಿದ್ದಾನೆ ಎಂದಳು. ಮೋನಪ್ಪ ನನ್ನ ಕೈಕೆಳಗಿನವನು. ಅವನಿಗೆ ಕರಣೆ ಹಿಡಿಯಲು ಕಲಿಸಿದ್ದು ನಾನು. ಅವನು ಹತ್ತನೆಯ ತರಗತಿ ಪಾಸಾದದ್ದು ಕಳೆದ ಸೋಮವಾರ ಊಟದ ಬಿಡುವಿನಲ್ಲಿ. ನನಗೂ ಹಾಗೆ ಬರೆಯಬಹುದಿತ್ತು. ಆದರೆ ಮೂವತ್ತೊಂಬತ್ತು ವರ್ಷ ಶಾಲೆಯ ಹಂಗಿಲ್ಲದೆ ಬದುಕಿದವನು ಈಗ ಒಂದು ಕಾರ್ಡಿಗಾಗಿ ಶಾಲೆಯ ಹೆಸರಿನಲ್ಲಿ ಸುಳ್ಳು ಹೇಳಿದರೆ, ಕೊನೆಗೂ ಆ ಮಾಸ್ಟ್ರೇ ಗೆದ್ದ ಹಾಗೆ. ಸಹಿ ಹಾಕುವುದಿಲ್ಲ ಎಂದು ಎದ್ದು ಬಂದೆ.

ದೋಹಾದ ಅಲ್ ಸದ್ದ್ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಸಾಹಸಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ. ಹೆಂಡತಿ ಸುಮತಿ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತದೆ, ಕೋಆರ್ಡಿನೇಟರ್ ಅಂತ ಬರೆಸಿ ಬರುವುದು ಬಿಟ್ಟು ಇದೆಂಥ ಕತೆ, ಊರಿನಲ್ಲಿ ಹೇಳಿಕೊಳ್ಳಲಿಕ್ಕಾದರೂ ಚಂದ ಇತ್ತು ಎಂದಳು. ಅವಳ ಅಕ್ಕನ ಗಂಡ ಅಬುಧಾಬಿಯಲ್ಲಿ ಗೋಡೌನಿನ ಬಾಗಿಲು ತೆರೆದು ಮುಚ್ಚುವವನು. ಆದರೆ ಮದುವೆ ಕಾಗದಗಳಲ್ಲಿ ಅವನ ಹೆಸರಿನ ಮುಂದೆ ಲಾಜಿಸ್ಟಿಕ್ಸ್ ಎಕ್ಸಿಕ್ಯೂಟಿವ್ ಎಂದಿರುತ್ತದೆ. ಗಲ್ಫಿನಲ್ಲಿರುವ ನಮ್ಮವರ ಕಾಯಿಲೆಯೇ ಇದು. ವಿಮಾನ ಮಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಪ್ರತಿಯೊಬ್ಬನಿಗೂ ಒಂದು ಬಡ್ತಿ ಸಿಕ್ಕಿರುತ್ತದೆ. ಡ್ರೈವರು ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆಗಿರುತ್ತಾನೆ, ಅಡುಗೆಯವನು ಕೇಟರಿಂಗ್ ಮ್ಯಾನೇಜರ್ ಆಗಿರುತ್ತಾನೆ. ಕಸ್ಟಮ್ಸಿನವರು ಚಿನ್ನ ಹುಡುಕುತ್ತಾರೆಯೇ ಹೊರತು ಇದನ್ನು ಯಾರೂ ಹಿಡಿಯುವುದಿಲ್ಲ. ಇಷ್ಟು ವರ್ಷದಲ್ಲಿ ಇಲ್ಲಿ ಏನೋ ಅಲ್ಲೂ ಅದೇ ಆಗಿ ಇಳಿದವನು ನಾನೊಬ್ಬನೇ ಇರಬೇಕು. ಸುಮತಿಗೆ ಅದೇ ಬೇಸರ.

"ನಿಮ್ಮ ಹಠಕ್ಕೆ ಯಾವ ಭಾಷೆಯಲ್ಲೂ ಶಬ್ದ ಇಲ್ಲ," ಎಂದಳು.

ಮಗಳು ದೀಕ್ಷಾ ಹನ್ನೆರಡನೆಯ ತರಗತಿ. ನನ್ನ ಮನೆಯಲ್ಲಿ ಅತಿ ಹೆಚ್ಚು ಓದಿದವಳು ಅವಳೇ. ಅವಳು ಮೊಬೈಲಿನಲ್ಲಿ ಏನೋ ಹುಡುಕಿ, "ಪಪ್ಪಾ, ಇದು ಕನ್ನಡ ವರ್ಡೇ ಅಲ್ಲ. ತುಳು ಕೂಡ ಅಲ್ಲ. ಪೋರ್ಚುಗೀಸ್ ಅಂತೆ," ಎಂದಳು.

ನಿಜ ಹೇಳುತ್ತೇನೆ, ನನಗೆ ಒಂದು ಕ್ಷಣ ನೆಲ ಟೊಳ್ಳಾದ ಹಾಗಾಯಿತು. ಕೆಂಪು ಕಲ್ಲಿನಷ್ಟೇ ನಮ್ಮ ಮಣ್ಣಿನದು ಎಂದುಕೊಂಡ ಶಬ್ದ ಪರಂಗಿಯವರ ಹಡಗಿನಲ್ಲಿ ಬಂದದ್ದು. ಅವರು ನಮ್ಮ ಕರಾವಳಿಯಲ್ಲಿ ಕೋಟೆ, ಇಗರ್ಜಿ ಕಟ್ಟಿಸುವಾಗ ಕೆಲಸದವರ ಮುಂದಾಳುವನ್ನು ಮೆಸ್ತ್ರೆ ಎಂದು ಕರೆಯುತ್ತಿದ್ದಿರಬೇಕು. ಕಟ್ಟಿಸಿದವರು ಹೋದರು, ಕಟ್ಟಿದವನ ಬಾಯಲ್ಲಿ ಹೆಸರು ಉಳಿಯಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ಶಬ್ದ ಹಡಗು ಹತ್ತಿ ಬಂದು ನಮ್ಮೂರಿನಲ್ಲಿ ದುಡಿಯಿತು, ನಾನು ವಿಮಾನ ಹತ್ತಿ ಬಂದು ಇವರ ಊರಿನಲ್ಲಿ ದುಡಿಯುತ್ತಿದ್ದೇನೆ. ನಾನೂ ಅದೂ ಒಂದೇ ಜಾತಿ.

ಮಗಳು ಓದುತ್ತಾ ಹೋದಳು, ನಾನು ಕುರ್ಚಿಯಲ್ಲಿ ನೆಟ್ಟಗಾಗುತ್ತಾ ಹೋದೆ. ಆ ಶಬ್ದದ ಬೇರು ಹಳೆಯ ರೋಮಿನವರ ಲ್ಯಾಟಿನ್ ಭಾಷೆಯಲ್ಲಿದೆಯಂತೆ. ಅಲ್ಲಿ ಅದು ಮಾಗಿಸ್ತೆರ್. ಆ ಭಾಷೆಯ ಮಕ್ಕಳೆಲ್ಲ ಅಪ್ಪನ ಆಸ್ತಿಯನ್ನು ಹಂಚಿಕೊಂಡಾಗ ಈ ಶಬ್ದವನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ಇಟಲಿಯವರು, ಸ್ಪೇನಿನವರು ಮಾಯೆಸ್ತ್ರೊ ಎಂದರು. ಫ್ರಾನ್ಸಿನವರು ಅರ್ಧ ನುಂಗಿ ಮೆತ್ರ್ ಎಂದರು, ಅವರು ಏನನ್ನೂ ಪೂರ್ತಿ ಉಚ್ಚರಿಸುವುದಿಲ್ಲವಂತೆ. ಒಂದು ಕಡೆ ಅದು ಶಾಲೆಯಲ್ಲಿ ಕಲಿಸುವವನು, ಒಂದು ಕಡೆ ವಾದ್ಯದವರ ಮುಂದೆ ಕೋಲು ಬೀಸುವವನು, ಇನ್ನೊಂದು ಕಡೆ ಕಲ್ಲು ಕಟ್ಟುವವರ ಯಜಮಾನ. ಇಂಗ್ಲಿಷಿನ ಮಾಸ್ಟರ್ ಕೂಡ ಇದೇ ಬಳ್ಳಿಯ ಕಾಯಿ. ಎಂದರೆ ನನ್ನನ್ನು ಬೆಂಚು ಹತ್ತಿಸಿದ ಮಾಸ್ಟ್ರಿಗೂ ನನಗೂ ಮೂಲದಲ್ಲಿ ಒಂದೇ ಮನೆತನ. ಈ ಸಂಬಂಧ ನನಗೆ ಅಷ್ಟು ಹಿತವಾಗಲಿಲ್ಲ, ಬೇಗ ಮುಂದೆ ಓದು ಎಂದೆ. ಮುಂದೆ ಸಿಕ್ಕಿದ್ದು ಬಂಗಾರ. ಮಾಗಿಸ್ ಎಂದರೆ ಹೆಚ್ಚು, ಅದರಿಂದ ಹುಟ್ಟಿದವನು ಮೇಸ್ತ್ರಿ. ಮಿನುಸ್ ಎಂದರೆ ಕಡಿಮೆ, ಅದರಿಂದ ಹುಟ್ಟಿದವನು ಮಿನಿಸ್ಟರ್, ಅಂದರೆ ಸೇವಕ. ನಾನು ಸುಮತಿಯನ್ನು ಅಡುಗೆ ಮನೆಯಿಂದ ಕರೆಸಿ ಇದನ್ನು ಎರಡು ಸಲ ಓದಿಸಿದೆ. ಹಾಗಾದರೆ ಮಿನಿಸ್ಟರಿಗೆ ಕಾರುಂಟು, ನಿಮಗೆ ಯಾಕೆ ಇಲ್ಲ ಎಂದು ಕೇಳಿ ಅವಳು ಒಳಗೆ ಹೋದಳು. ಮಗಳಿಂದ ಎಲ್ಲವನ್ನೂ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ.

ಬುಧವಾರ ಸೈಟಿನಲ್ಲಿ ಬೇರೆಯೇ ಒಂದು ರಾದ್ಧಾಂತವಾಯಿತು. ವಿಲ್ಲಾದ ದೊಡ್ಡ ಹಜಾರಕ್ಕೆ ಇಟಲಿಯ ಅಮೃತಶಿಲೆ ಹಾಸುತ್ತಿದ್ದೆವು. ಹಮದ್ ಬಂದರಿನಲ್ಲಿ ಇಳಿದ ಕಲ್ಲು, ಕೂಸಿನ ಹಾಗೆ ಹೊದಿಕೆ ಸುತ್ತಿ ಬಂದಿತ್ತು. ಅದರ ಜೊತೆ ಅದನ್ನು ಹಾಸುವ ಕ್ರಮ ನೋಡಿಕೊಳ್ಳಲು ಪಿಯೆತ್ರೊ ಎಂಬ ಇಟಲಿಯ ಮುದುಕರೂ ಬಂದಿದ್ದರು. ನಾನು ರಜೆಯಲ್ಲಿದ್ದ ದಿನ ಒಂದು ಮೂಲೆ ಹಾಸಿ ಮುಗಿಸಿದ್ದರು. ಇಂಜಿನಿಯರ್ ನೋಡಿ ಸಹಿಯನ್ನೂ ಹಾಕಿದ್ದ. ನನಗೊಂದು ಅಭ್ಯಾಸ. ಹಾಸಿದ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಕರಣೆಯ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟುತ್ತಾ ಹೋಗುತ್ತೇನೆ. ಕೆಳಗೆ ಗಾರೆ ತುಂಬಿದ್ದರೆ ಕಲ್ಲು ಗಟ್ಟಿಯಾಗಿ ಮಾತಾಡುತ್ತದೆ, ತುಂಬದಿದ್ದರೆ ಖಾಲಿ ಡಬ್ಬದ ಹಾಗೆ ಕೊರಗುತ್ತದೆ. ಆ ಮೂಲೆಯಲ್ಲಿ ಹನ್ನೊಂದು ಕಲ್ಲು ಕೊರಗಿದವು. ಏಳಿಸಿ ಎಂದೆ. ಕೆಲಸದವರು ಏಳಿಸತೊಡಗಿದರು. ಏಳಿಸುವಾಗ ನಾಲ್ಕು ಕಲ್ಲು ಒಡೆದವು. ಇಂಜಿನಿಯರ್ ಓಡಿ ಬಂದು, ತಾನು ಸಹಿ ಹಾಕಿದ ನೆಲವನ್ನು ಯಾರನ್ನು ಕೇಳಿ ಒಡೆಸಿದೆ ಎಂದು ಹಿಂದಿಯಲ್ಲಿ ಕೂಗಾಡಿದ. ಪಿಯೆತ್ರೊ ಮಾತ್ರ ಒಡೆದ ಕಲ್ಲನ್ನು ನೋಡಲೇ ಇಲ್ಲ. ನೇರವಾಗಿ ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತು, ಇನ್ನೂ ಏಳಿಸದ ಒಂದು ಕಲ್ಲನ್ನು ಬೆರಳಿನ ಗಂಟಿನಿಂದ ತಟ್ಟಿ ಕಿವಿಗೊಟ್ಟರು. ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿ ಒಂದೇ ಶಬ್ದ ಹೇಳಿದರು. ಮಾಯೆಸ್ತ್ರೊ. ಜೇಬಿನ ಹಾಳೆ ತೆಗೆದು ತೋರಿಸಬೇಕೆನಿಸಿತು, ಆದರೆ ಕೈಯೆಲ್ಲ ಗಾರೆಯಾಗಿತ್ತು.

ಗುರುವಾರ ನನ್ನನ್ನು ಎಚ್.ಆರ್. ಮ್ಯಾನೇಜರರ ಕೋಣೆಗೆ ಕರೆದರು. ಅವರು ಈಜಿಪ್ಟಿನವರು, ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲವೆಂದು ನಂಬಿದವರು. ರೀನಾ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮೇಜಿನ ಮೇಲೆ ಎರಡು ಕಾಗದ. ಒಂದು ಸಹಿಯಿಲ್ಲದ ನನ್ನ ಅರ್ಜಿ, ಇನ್ನೊಂದು ಇಂಜಿನಿಯರನ ದೂರು. ನಾನು ಮಗಳ ಹಾಳೆಯನ್ನು ಬಿಡಿಸಿ ಮುಂದಿಟ್ಟೆ. ಅವರು ರೋಮನ್ನು ಓದಿದರು, ಇಟಲಿ, ಸ್ಪೇನು, ಪೋರ್ಚುಗಲ್ ಎಲ್ಲವನ್ನೂ ಓದಿದರು, ಹಾಳೆಯನ್ನು ಮರ್ಯಾದೆಯಿಂದ ಮಡಚಿ ವಾಪಸು ಕೊಟ್ಟು, ಲಿಸ್ಟಿನಲ್ಲಿ ಮಾಫಿ, ಅಂದರೆ ಇಲ್ಲ, ಖಲಾಸ್ ಎಂದರು. ಎರಡು ಸಾವಿರ ವರ್ಷದ ಲ್ಯಾಟಿನ್ ಅಲ್ಲಿಗೆ ಮುಗಿಯಿತು. ಆಮೇಲೆ ಎರಡನೆಯ ಕಾಗದ ಕೈಗೆತ್ತಿಕೊಂಡು, ಇಂಜಿನಿಯರ್ ಒಪ್ಪಿದ ನೆಲವನ್ನು ನೀನು ಯಾವ ಹುದ್ದೆಯಲ್ಲಿದ್ದುಕೊಂಡು ಒಡೆಸಿದೆ ಎಂದು ಕೇಳಿದರು. ಮೇಸನ್ ಎಂದರೆ ಅಧಿಕಾರವಿಲ್ಲದೆ ಒಡೆಸಿದ ತಪ್ಪು. ಕೋಆರ್ಡಿನೇಟರ್ ಎಂದರೆ ವರದಿ ಬರೆಯದೆ ಒಡೆಸಿದ ತಪ್ಪು. ರೀನಾ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತೊಂದು ವರ್ಷ ಇಲ್ಲಿ ಅನ್ನ ತಿಂದವನು ಮುಂದಿನ ವಾರ ವಿಮಾನದಲ್ಲಿರುತ್ತಾನೋ ಗೇಟಿನಲ್ಲಿರುತ್ತಾನೋ ಎಂಬುದು ಈ ಒಂದು ಉತ್ತರದಲ್ಲಿತ್ತು.

"ಇವರಿಗೆ ಸರಿಯಾಗಿ ಇಂಗ್ಲಿಷ್ ಮಾಡಿ ಹೇಳಿ ಮೇಡಂ," ಎಂದೆ ರೀನಾಳಿಗೆ. "ಮೇಸನ್ ಕಟ್ಟುತ್ತಾನೆ. ಕೋಆರ್ಡಿನೇಟರ್ ಕಟ್ಟಿದ್ದನ್ನು ಬರೆಯುತ್ತಾನೆ. ಕಟ್ಟಿದ್ದು ಸರಿಯಿಲ್ಲ, ಒಡೆಯಿರಿ ಅಂತ ಹೇಳ್ಲಿಕ್ಕೆ ಒಬ್ಬ ಬೇಕಲ್ಲ, ಅವನು ಮೇಸ್ತ್ರಿ. ಒಡೆದದ್ದನ್ನು ತಾನೇ ಕೂತು ಪುನಃ ಕಟ್ಟಿಕೊಡುವವನೂ ಅವನೇ. ನಾನು ಒಡೆಸಿದ್ದು ಆ ಹುದ್ದೆಯಲ್ಲಿ. ತಪ್ಪಾದರೆ ಆ ಹೆಸರಲ್ಲೇ ಊರಿಗೆ ಕಳಿಸಿ. ಬೇರೆ ಹೆಸರಲ್ಲಿ ಇರುವುದಿಲ್ಲ, ಹೋಗುವುದೂ ಇಲ್ಲ."

ರೀನಾ ಇಂಗ್ಲಿಷಿಗೆ ಮಾಡಿದಳು. ಮಧ್ಯೆ ಅವಳ ದನಿ ಸ್ವಲ್ಪ ಏರಿತ್ತು, ಎಲ್ಲಿ ಏನು ಸೇರಿಸಿದಳೋ ಗೊತ್ತಿಲ್ಲ. ಮ್ಯಾನೇಜರು ಪೆನ್ನು ಕೆಳಗಿಟ್ಟು, ಯಲ್ಲಾ, ನಡೆಯಿರಿ ಎಂದು ಎದ್ದರು. ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಸೈಟಿಗೆ ಹೋದರು. ಹೊಳೆಯುವ ಬೂಟು ಹಾಕಿಕೊಂಡು ಹಜಾರದಲ್ಲಿ ನಿಂತು, ಏಳಿಸಿದ ಕಲ್ಲುಗಳ ಅಡಿಭಾಗ ನೋಡಿದರು. ಗಾರೆ ನಾಲ್ಕು ಮೂಲೆಯಲ್ಲಿ ಮಾತ್ರ ಇಡ್ಲಿಯ ಹಾಗೆ ಕುಳಿತಿತ್ತು, ನಡುವೆಲ್ಲ ಗಾಳಿ. ಅವರು ನನ್ನ ಕೈಯಿಂದ ಕರಣೆ ತೆಗೆದುಕೊಂಡು ತಾವೇ ಎರಡು ಕಲ್ಲು ತಟ್ಟಿದರು, ಒಂದು ಗಟ್ಟಿಯದು, ಒಂದು ಟೊಳ್ಳು. ಮುಖದಲ್ಲಿ ಚಿಕ್ಕ ಮಗುವಿನ ಖುಷಿ ಕಂಡಿತು. ಮತ್ತೂ ಎಂಟು ಕಲ್ಲು ತಟ್ಟಿದರು. ಇಂಜಿನಿಯರ್ ದೂರದಲ್ಲಿ ಫೋನಿನಲ್ಲಿ ಯಾರ ಜೊತೆಗೋ ಬಹಳ ಮುಖ್ಯವಾದ ಮಾತಿನಲ್ಲಿದ್ದ. ವಾಪಸು ಬರುವಾಗ ಮ್ಯಾನೇಜರು, ಪಟ್ಟಿಗೆ ಒಂದು ಹೊಸ ಸಾಲು ಸೇರಿಸಲು ಹೇಳುತ್ತೇನೆ, ಆದರೆ ಅದಕ್ಕೆ ಕೆಲಸದ ವಿವರಣೆ ಬೇಕು ಎಂದರು.

ಈಗ ಫಜೀತಿ ಶುರುವಾಯಿತು. ಇಪ್ಪತ್ತೇಳು ವರ್ಷ ಮಾಡಿದ ಕೆಲಸವನ್ನು ಹೇಳು ಎಂದರೆ ಬಾಯಿಗೆ ಬರುವುದಿಲ್ಲ. ಮೊದಲ ನೂಲು ಕಟ್ಟುವುದು ಎಂದೆ, ರೀನಾ ಟೈಪ್ ಮಾಡಿದಳು. ನೆಲದ ಮಾತು ಕೇಳುವುದು ಎಂದೆ, ಅವಳು ತಲೆ ಕೆರೆದುಕೊಂಡು ಕ್ವಾಲಿಟಿ ಎಂದು ಏನೋ ಹಾಕಿದಳು. ಹೊಸಬ ಊರಿನ ನೆನಪಿನಲ್ಲಿ ಅತ್ತರೆ ಅವನಿಗೆ ಆ ದಿನ ಮೇಲಿನ ಮಹಡಿಯ ಕೆಲಸ ಕೊಡದಿರುವುದು ಎಂದೆ. ಅದನ್ನು ಸೇಫ್ಟಿ ಎಂದಳು. ಇಂಜಿನಿಯರ್ ತಪ್ಪು ಮಾಡಿದಾಗ ಅವನಿಗೆ ಗೊತ್ತಾಗದ ಹಾಗೆ ಸರಿ ಮಾಡಿಬಿಡುವುದು ಎಂದೆ. ಅವಳು ಬೆರಳು ನಿಲ್ಲಿಸಿದಳು.

"ಇದನ್ನು ಹಾಕ್ಲಿಕ್ಕೆ ಆಗುದಿಲ್ಲ."

"ಇದೇ ಮುಖ್ಯ ಕೆಲಸ."

"ಗೊತ್ತುಂಟು," ಎಂದಳು ರೀನಾ. "ಎಚ್.ಆರ್.ನಲ್ಲಿ ನಾನು ಮಾಡುದೂ ಅದೇ. ನನ್ನ ಕಾರ್ಡಿನಲ್ಲಿ ಬರೆದಿದ್ದಾರಾ?"

ಬಿಟ್ಟುಬಿಟ್ಟೆವು. ಭಾನುವಾರ ಕಾರ್ಡು ಬಂತು. ಫೋಟೋದ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಮೇಸ್ತ್ರಿ. ಗೇಟಿನವನ ಯಂತ್ರ ಕೂಡ ಮರು ಮಾತಾಡದೆ ಒಪ್ಪಿತು. ನಾನು ಆ ದಿನ ನಾಲ್ಕು ಸಲ ಸುಮ್ಮನೆ ಹೊರಗೆ ಹೋಗಿ ಒಳಗೆ ಬಂದೆ. ಸುಮತಿ ಕಾರ್ಡನ್ನು ತಿರುಗಿಸಿ ನೋಡಿ, ಅಕ್ಷರ ದೊಡ್ಡದುಂಟು ಎಂದಳು. ಅವಳ ಬಾಯಿಂದ ಅದು ಹಾರ ತುರಾಯಿಗೆ ಸಮ.

ಎರಡು ವಾರ ಹೀಗೆ ಸುಖವಾಗಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೋನಪ್ಪ ನನ್ನ ಹಿಂದೆ ಮುಂದೆ ಸುಳಿಯತೊಡಗಿದ. ಏನೆಂದು ಕೇಳಿದರೆ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಾನು ಊರಿಗೆ ಹೋಗಲು ಒಂದು ತಿಂಗಳ ರಜೆಗೆ ಹಾಕಿದ್ದೆ.

"ಮೇಸ್ತ್ರಿ, ಬೇಜಾರು ಮಾಡ್ಬೇಡಿ," ಎಂದ. "ನಿಮ್ಮ ರಜೆ ನನ್ನ ಮೊಬೈಲಿಗೆ ಬಂದಿದೆ. ನಾನು ಒಪ್ಪಿದ್ರೆ ಮಾತ್ರ ಮುಂದೆ ಹೋಗುದಂತೆ. ಒಪ್ಪಲಾ?"

ರೀನಾಳನ್ನು ವಿಚಾರಿಸಿದೆ. ಕಂಪ್ಯೂಟರಿನಲ್ಲಿ ಹೊಸದಾಗಿ ಸೇರಿಸಿದ ಸಾಲು ಪಟ್ಟಿಯ ಕಟ್ಟಕಡೆಗೆ ಹೋಗುತ್ತದಂತೆ. ಕೋಆರ್ಡಿನೇಟರ್ ಮೇಲೆ, ಕೆಳಗೆ ಮೇಸನ್, ಆಮೇಲೆ ಹೆಲ್ಪರ್, ಆಮೇಲೆ ಚಹಾ ಕೊಡುವವರು, ಅವರ ಕೆಳಗೆ ನಾನು. ಮೇಲಿನ ಸಾಲಿಗೆ ಹತ್ತಿಸಬೇಕಾದರೆ ವಿದ್ಯಾರ್ಹತೆ ತುಂಬಬೇಕು. ಬೇಡ ಎಂದೆ. ಹೆಸರು ನನ್ನದಿದ್ದರೆ ಸಾಕು, ಸಾಲು ಯಾವುದಾದರೇನು? ಮೋನಪ್ಪನಿಗೆ ಒಪ್ಪು ಎಂದೆ. ಅವನು ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಮೊಬೈಲನ್ನು ನನ್ನ ಕೈಗೇ ಕೊಟ್ಟ. ನನ್ನ ರಜೆಯನ್ನು ನನ್ನ ಮೇಲಧಿಕಾರಿಯ ಪರವಾಗಿ ನಾನೇ ಒಪ್ಪಿದೆ. ಆಮೇಲೆ ಅವನು ಬೆಳಿಗ್ಗೆ ಕಟ್ಟಿದ ಗೋಡೆಯನ್ನು ನೋಡಲು ಹೋದೆವು. ಎರಡು ಸಾಲು ಒಡೆಸಿದೆ.

ಇಷ್ಟೆಲ್ಲ ಆದ ಮೇಲೆ ಈಗ ನನ್ನ ಬಳಿ ಇರುವುದು ಇಷ್ಟು: ಕಾರ್ಡು ಒಂದು. ಬೂಟು ಎರಡು ಜೊತೆ, ಒಂದು ಸೋರುತ್ತದೆ. ಕೈಬೆರಳು ಒಂಬತ್ತೂವರೆ. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಕೈಕೆಳಗೆ ಕೆಲಸ ಮಾಡುವವರು ಹದಿನಾಲ್ಕು ಜನ. ಮೇಲಧಿಕಾರಿಗಳು, ಅದೇ ಹದಿನಾಲ್ಕು.